ಒಂಬತ್ತ ಏನಪಾ?

“ನಮ್ಮ ಮೇಡಮ್ಮಾರು ಹಿಂಗ ಕಲಿಸ್ಯಾರ್ರಿ,” ಅಂದುಬಿಟ್ಟ ಸಾಗರ.

ರಾಮದುರ್ಗದಲ್ಲಿ ವಿಜ್ಞಾನ ಸ್ಪರ್ಧೆಯ ಕೊನೆಯ ಸುತ್ತು. ಒಂದು ಗ್ರಾಂ ಬೆಲ್ಲ ಪೂರ್ತಿ ಶಕ್ತಿಯಾಗಿ ಮಾರ್ಪಟ್ಟರೆ ಎಷ್ಟು ಜೂಲ್ ಎಂಬುದು ಪ್ರಶ್ನೆ. ಬೈಲಹೊಂಗಲದ ತಂಡದ ಪರವಾಗಿ ಬೋರ್ಡಿನ ಮುಂದೆ ನಿಂತ ಸಾಗರ, ಬೆಳಕಿನ ವೇಗದ ವರ್ಗವನ್ನು ಒಂದರಿಂದ ಗುಣಿಸಿ, ಒಂಬತ್ತರ ಮುಂದೆ ಹದಿನಾರು ಸೊನ್ನೆ ಸುತ್ತಿ, ನಾಟಕ ಮುಗಿಸಿದವನಂತೆ ಸಭೆಗೆ ಕೈಮುಗಿದಿದ್ದ. ಗ್ರಾಂ ಅನ್ನು ಕಿಲೋಗ್ರಾಂಗೆ ಬದಲಿಸಿರಲಿಲ್ಲ. ಉತ್ತರ ಸಾವಿರ ಪಟ್ಟು ಉಬ್ಬಿತ್ತು.

“ಗ್ರಾಂ ಬೆಲ್ಲ ತೂಗಿ ಕಿಲೋ ಬೆಲ್ಲದ ರೊಕ್ಕ ಕೇಳತಿಯಲ್ಲೋ ತಮ್ಮಾ! ಗಿರಾಕಿ ಓಡಿ ಹೋಗತಾರ,” ಎಂದು ನಿರ್ಣಾಯಕರು ನಕ್ಕರು. ಸಭೆ ಹೋ ಎಂದಿತು. ಊರನ್ನೇ ನಗಿಸಿ ರೂಢಿಯಿದ್ದವನಿಗೆ ಊರಿನ ನಗೆಗೆ ಈಡಾಗಿ ರೂಢಿಯಿರಲಿಲ್ಲ. ಆಗಲೇ ಆ ಮಾತು ಬಾಯಿಂದ ಜಾರಿದ್ದು.

ನಿರ್ಣಾಯಕರ ನಗು ನಿಂತಿತು. “ಯಾರ್ರಿ ಅವರು?”

ಕೊನೆಯ ಸಾಲಿನಿಂದ ಭಾಗೀರಥಿ ಮೇಡಂ ಎದ್ದರು. ಈ ವರ್ಷವಷ್ಟೇ ಸಾಗರನ ಕಾಲೇಜಿಗೆ ಅತಿಥಿ ಉಪನ್ಯಾಸಕಿಯಾಗಿ ಬಂದವರು. ಬರುವ ವರ್ಷ ಅವರನ್ನು ಇಟ್ಟುಕೊಳ್ಳುವುದು, ಬಿಡುವುದು ಪ್ರಾಚಾರ್ಯರ ಕೈಯಲ್ಲಿತ್ತು. ಮೊದಲ ಸಾಲಿನಲ್ಲಿದ್ದ ಪ್ರಾಚಾರ್ಯರು ಕುರ್ಚಿಯಲ್ಲೇ ಹಿಂದಕ್ಕೆ ಹೊರಳಿ ನೋಡಿದರು.

ತರಗತಿಯಲ್ಲಿ ಯಾರಾದರೂ ಅಳತೆಯ ಮಾನ ಹೇಳದೆ ಬರೀ ‘ಒಂಬತ್ತು’ ಎಂದರೆ ಸಾಕು, ಮೇಡಂ ಕನ್ನಡಕವನ್ನು ಮೂಗಿನ ತುದಿಗಿಳಿಸಿ ಕೇಳುತ್ತಿದ್ದರು: “ಒಂಬತ್ತ ಏನಪಾ? ಎಮ್ಮಿಯೋ, ಎಳ್ಳೋ?” ಅದನ್ನು ಅದೇ ಮೂಗುದನಿಯಲ್ಲಿ ಆಡಿ ತೋರಿಸಿಯೇ ಸಾಗರ ಕಾಲೇಜಿನಲ್ಲಿ ಹೆಸರು ಮಾಡಿದ್ದ. ಬೆಳಿಗ್ಗೆ ಬಸ್ಸಿನಲ್ಲೂ ಆಡಿದ್ದ. ಎಲ್ಲರಿಗಿಂತ ಹೆಚ್ಚು ನಕ್ಕವರು ಮೇಡಂ.

ತಂಡದಲ್ಲಿದ್ದ ಪ್ರಣಿತಾ ಅವನ ಅಂಗಿ ಜಗ್ಗಿದಳು. “ಸುಳ್ಳ ಯಾಕ ಹೇಳತಿಲೇ? ನಂದ ತಪ್ಪು ಅನ್ನು.”

ಎಲ್ಲರ ದನಿಯೂ ಬರುತ್ತಿದ್ದ ಗಂಟಲಲ್ಲಿ ಅವನದು ಬರಲಿಲ್ಲ.

“ನಾನ್ರಿ ಸರ್,” ಎಂದರು ಮೇಡಂ. “ಇನ್ನೊಮ್ಮೆ ಹೇಳಿಕೊಡಬೇಕಾಗಿತ್ತು. ನಂದ ಕಡಿಮಿ ಬಿತ್ತು.”

ಪ್ರಾಚಾರ್ಯರು ಮುಂದಕ್ಕೆ ತಿರುಗಿದರು. ಸ್ಪರ್ಧೆ ಮುಗಿಯುವ ಮೊದಲೇ ಎದ್ದು ಕಾರು ಹತ್ತಿದರು.

ಸಂಜೆ ಬಸ್ಸು ಸವದತ್ತಿ ದಾಟಿದಾಗ ಹಿಂದಿನ ಸೀಟಿನ ಹುಡುಗರಿಗೆ ಬೇಸರ ಹತ್ತಿತು. “ಸಾಗರ್ಯಾ, ಮೇಡಮ್ಮಾರ್ದ ಮಾಡಲೇ!”

ಪ್ರಣಿತಾ ಕಿಟಕಿಯ ಕಡೆ ಮುಖ ಮಾಡಿದಳು. ಮುಂದಿನ ಸೀಟಿನಿಂದ ಮೇಡಂ ತಿರುಗಿದರು. “ಮಾಡಪಾ. ದಾರಿ ಭಾಳ ಐತಿ.”

ಸಾಗರ ಎದ್ದು ಕಂಬಿ ಹಿಡಿದುಕೊಂಡ. ಇಲ್ಲದ ಕನ್ನಡಕವನ್ನು ಮೂಗಿನ ತುದಿಗಿಳಿಸಿದ.

“ಒಂಬತ್ತ...”

ಬಂದದ್ದು ಅವನದೇ ದನಿ. ಹುಡುಗರು ಕಾದರು. ಯಾರೂ ನಗಲಿಲ್ಲ.

ಮೇಡಂ ತಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದರು. ಗಾಜು ತಿಳಿಯಾದ ಮೇಲೂ ಒರೆಸುತ್ತಲೇ ಇದ್ದರು.