ಬೇಲಿಯಾಚೆಯ ಬಿಳಿ ಡಬ್ಬಿ

ಮಿಷನ್ನು ಕೋಮಲಾಳ ಕೋಳಿ ಶೆಡ್ಡಿಗೆ ಹೋದ ದಿನದಿಂದ ಸಂಗೀತಾಳಿಗೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅದೇನು ಬಂಗಾರದ್ದೇ? ಅಂಗೈಯಗಲದ ಬಿಳಿ ಡಬ್ಬಿ. ಶೆಡ್ಡಿನ ಗಾಳಿಯಲ್ಲಿ ಅಮೋನಿಯಾ ಎಷ್ಟಿದೆ, ಧೂಳು ಎಷ್ಟಿದೆ ಎಂದು ಅಂಕಿ ತೋರಿಸುತ್ತದೆ, ಅಷ್ಟೇ. ಆದರೆ ಅದನ್ನು ನೋಡಲು ವೆಟರ್ನರಿ ಕಾಲೇಜಿನ ಮೇಧಾ ವಾರವಾರ ಈ ಯಗಟಿ ಊರಿಗೆ ಬರುತ್ತಾಳೆ, ಕೋಮಲಾಳ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಾಳೆ, ಫೋಟೊ ತೆಗೆಯುತ್ತಾಳೆ. ವಾರಗಿತ್ತಿಯ ವೈಭವವನ್ನು ಬೇಲಿಯ ಈಚೆ ನಿಂತು ನೋಡುವ ಕರ್ಮ ಯಾರಿಗೆ ಬೇಕು?

ಪಂಜರವಿಲ್ಲದೆ ನೆಲದ ಮೇಲೆ ಬಿಟ್ಟು ಮೊಟ್ಟೆ ಕೋಳಿ ಸಾಕುವುದನ್ನು ಈ ಮನೆತನದಲ್ಲಿ ಶುರು ಮಾಡಿದವಳೇ ಸಂಗೀತಾ. "ಮೊಟ್ಟೆ ಮಾರ್ಕೊಳ್ಳಿ, ಅವು ಹೊಸ್ತಿಲು ದಾಟಿ ಒಳಗೆ ಮಾತ್ರ ಬರ್ಬಾರ್ದು ಕಣ್ರೇ" ಎಂದು ಅತ್ತೆ ತೀರ್ಥಮ್ಮ ಒಪ್ಪಿದ್ದು ಅವಳ ಹಟಕ್ಕೆ. ನೆಲಕ್ಕೆ ಹಾಸಿದ ಭತ್ತದ ಹೊಟ್ಟನ್ನು ದಿನಾ ಕೆದಕಿ ಒಣಗಿಸುತ್ತಾಳೆ, ಗಾಳಿಯಾಡಲೆಂದು ಹಗಲೆಲ್ಲ ಶೆಡ್ಡಿನ ಬದಿಯ ಪರದೆ ಎತ್ತಿಡುತ್ತಾಳೆ. ಕೋಮಲಾ ಅವಳನ್ನು ನೋಡಿ ಕಲಿತವಳು, ಅದೂ ಅರ್ಧಂಬರ್ಧ.

"ನಮ್ಮಲ್ಲಿ ಯಾಕಮ್ಮ ಇಡ್ಲಿಲ್ಲ?" ಎಂದು ಒಂದು ದಿನ ಸಂಗೀತಾ ಮೇಧಾಳನ್ನು ಕೇಳಿಯೇಬಿಟ್ಟಳು.

"ಅಳೆದು ನೋಡಿದ್ವಲ್ಲ, ನಿಮ್ಮ ಶೆಡ್ಡಲ್ಲಿ ಅಮೋನಿಯಾ ಅಂಕಿ ತುಂಬಾ ಕಡಿಮೆ ಆಂಟಿ. ನಮ್ಮ ಸ್ಟಡಿಗೆ ಜಾಸ್ತಿ ಇರೋದು ಬೇಕು" ಎಂದಳು ಮೇಧಾ.

ಕಡಿಮೆಯಂತೆ! ಪರೀಕ್ಷೆಯಲ್ಲಿ ಫೇಲಾದವಳ ಹಾಗೆ ಮುಖ ಊದಿಸಿಕೊಂಡು ಸಂಗೀತಾ ಮನೆಗೆ ಬಂದಳು. ಹೆಚ್ಚು ಮಾಡುವುದೇನು ಬ್ರಹ್ಮವಿದ್ಯೆಯೇ? ಮರುದಿನದಿಂದ ಕೆದಕುವುದನ್ನು ಬಿಟ್ಟಳು. ಹೊಟ್ಟಿನ ಮೇಲೆ ಬಿಂದಿಗೆಗಟ್ಟಲೆ ನೀರು ಚೆಲ್ಲಿದಳು, ಪರದೆ ಇಳಿಬಿಟ್ಟಳು. ಹಿಕ್ಕೆ ಕೊಳೆತು, ಬಾಗಿಲು ತೆಗೆದರೆ ಮೂಗಿಗೆ ಘಾಟು ಹೊಡೆಯತೊಡಗಿತು.

"ಏನೇ ಇದು ನಾತ?" ಎಂದ ಗಂಡ ರುದ್ರಮೂರ್ತಿ.

"ಸುಮ್ನಿರ್ರೀ, ನಿಮಗೇನು ಗೊತ್ತಾಗುತ್ತೆ."

ಮುಂದಿನ ಸಲ ಮೇಧಾ ಅಳೆದಾಗ ಅಂಕಿ ಕೋಮಲಾಳದ್ದನ್ನು ಮೀರಿತ್ತು. ಡಬ್ಬಿ ಬೇಲಿ ದಾಟಿ ಬಂತು. "ಪರದೆ ಎತ್ತಿ ಆಂಟಿ, ಕೋಳಿಗೆ ಕಷ್ಟ ಆಗುತ್ತೆ" ಎಂದು ಆ ಹುಡುಗಿ ಹೇಳಿದ್ದು ಸಂಗೀತಾಳ ಕಿವಿಗೇ ಬೀಳಲಿಲ್ಲ. ಅವಳು ಕಾಫಿಗೆ ಸಕ್ಕರೆ ಹೆಚ್ಚಿಗೆ ಹಾಕುತ್ತ, ಬೇಲಿಯಾಚೆ ಕೋಮಲಾ ನೋಡುತ್ತಿದ್ದಾಳೋ ಇಲ್ಲವೋ ಎಂದು ಇಣುಕುತ್ತಿದ್ದಳು.

ಆ ಸಂತೋಷ ಬಹಳ ದಿನ ಉಳಿಯಲಿಲ್ಲ. ಘಾಟಿಗೆ ಕೋಳಿಗಳು ಕಣ್ಣು ಮುಚ್ಚಿಕೊಂಡು ಮೂಲೆ ಹಿಡಿದವು. ಅವಳ ಹೆಜ್ಜೆ ಸಪ್ಪಳಕ್ಕೇ ಓಡಿಬರುತ್ತಿದ್ದ ಕೆಂಪು ಹೇಂಟೆ, ನೀರಿನ ಬಟ್ಟಲು ಕಾಣದೆ ಗೋಡೆಗೆ ಕೊಕ್ಕು ಕುಟ್ಟುತ್ತಿತ್ತು. ಸಂಗೀತಾಳ ಕೈ ಪರದೆಯ ಹಗ್ಗಕ್ಕೆ ಹೋಯಿತು. ಪರದೆ ಎತ್ತಿದರೆ ಅಂಕಿ ಇಳಿಯುತ್ತದೆ, ಡಬ್ಬಿ ಮತ್ತೆ ಕೋಮಲಾಳ ಪಾಲು. ಆದರೂ ಹಲ್ಲು ಕಚ್ಚಿ ಹಗ್ಗ ಎಳೆದಳು. ಹೇಂಟೆಯನ್ನು ಕಂಕುಳಲ್ಲಿ ಹಿಡಿದು, ಕಣ್ಣು ತೊಳೆಯಲು ಹೊರಗೆ ತಂದಳು.

ಬೇಲಿಯ ಹತ್ತಿರ ಕೋಮಲಾ ನಿಂತಿದ್ದಳು. ನಗುವುದಕ್ಕೇ ಬಂದಿದ್ದಾಳೆ ಎಂದು ಸಂಗೀತಾಳಿಗೆ ಮೈಯೆಲ್ಲ ಉರಿಯಿತು.

"ತಗೊಂಡೋಗೇ ನಿನ್ನ ಮಿಷನ್ನ!"

"ಅಯ್ಯೋ, ನನಗ್ಯಾಕಕ್ಕಾ ಆ ದರಿದ್ರ?" ಎಂದಳು ಕೋಮಲಾ. "ಅದು ನಮ್ಮಲ್ಲಿದ್ದಷ್ಟು ದಿನ, ಕೋಮಲನ ಶೆಡ್ಡು ನಾರ್ತದೆ, ಅದಕ್ಕೇ ಮಿಷನ್ ಹಾಕವ್ರೆ ಅಂತ ಊರೆಲ್ಲ ಆಡ್ಕೊಂಡ್ರು. ಸಂಗೀತನ್ನ ನೋಡಿ ಕಲಿಯೇ ಅಂತ ಅತ್ತೆ ದಿನಾ ಚುಚ್ಚೋರು. ನಿಮ್ಮ ಶೆಡ್ಡು ನೋಡಿ ನಾನೆಷ್ಟು ಹೊಟ್ಟೆ ಉರ್ಕೊಂಡಿದೀನಿ ಗೊತ್ತಾ? ಅದು ನಿಮ್ಮಲ್ಲಿಗೆ ಹೋಯ್ತಲ್ಲ, ಅವತ್ತೇ ನಾನು ನೆಮ್ಮದಿಯಾಗಿ ಮಲಗಿದ್ದು."

ಸಂಗೀತಾ ಹೇಂಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಹೇಂಟೆಯ ಕಣ್ಣಿಗೆ ಎಷ್ಟು ನೀರು ಹಾಕಿದರೂ ಅದು ರೆಪ್ಪೆ ಬಿಡಿಸಲಿಲ್ಲ.