ಬೋರ್ಡಿನ ಮೇಲಿನ ಮಳೆ

ಕುಣಿಗಲ್ ಹೆದ್ದಾರಿಯ ಪಕ್ಕದ ತಮ್ಮ ಟೀ ಅಂಗಡಿಯ ಮುಂದೆ ಗಂಗಣ್ಣನವರು ಒಂದು ಕರಿಬೋರ್ಡು ನಿಲ್ಲಿಸಿದ್ದಾರೆ. ದಿನಾ ಬೆಳಿಗ್ಗೆ ಹಣೆಗೆ ವಿಭೂತಿ ಧರಿಸಿ, ಒಲೆ ಹಚ್ಚಿ, ಪಡುವಣಕ್ಕೊಮ್ಮೆ ಕತ್ತೆತ್ತಿ ನೋಡಿ, ಸೀಮೆಸುಣ್ಣದಲ್ಲಿ ಒಂದೇ ಮಾತು ಬರೆಯುತ್ತಾರೆ: ‘ಬಿಸಿಲು’, ‘ಮೋಡ’, ಇಲ್ಲವೇ ‘ಮಳೆ’. ಬರೆದದ್ದನ್ನು ಸಂಜೆಯವರೆಗೆ ಒರೆಸುವುದಿಲ್ಲ.

“ಶಿವನ ಹೆಸ್ರು ಹೇಳಿ ಬರ್ದಿದ್ದು ಕಣಪ್ಪ. ಗಳಿಗೆಗೊಂದ್ಸಲ ಒರೆಸೋಕೆ ಇದೇನ್ ಕ್ರಿಕೆಟ್ ಸ್ಕೋರಾ?”

ಆಕಾಶ ಬಾಯಿ ಬಿಡದ ದಿನ ಮಂಗಳೂರು ಕಡೆಯಿಂದ ಬರುವ ಲಾರಿಗಳ ಟಾರ್ಪಾಲು ನೋಡುತ್ತಾರೆ. ಒದ್ದೆಯಾಗಿದ್ದರೆ ಘಾಟಿಯಲ್ಲಿ ಸುರಿದಿದೆ ಎಂದರ್ಥ; ಅದರ ಬಾಲ ಮಧ್ಯಾಹ್ನಕ್ಕೆ ಇಲ್ಲಿಗೂ ತಾಗುತ್ತದೆ. ಈ ಲೆಕ್ಕ ತಪ್ಪಿದ್ದು ಕಡಿಮೆ.

ಅಂದು ಶ್ರಾವಣ ಸೋಮವಾರ. ಹಿಂದಿನ ಬೀದಿಯ ಮಹಾಲಕ್ಷ್ಮಮ್ಮ ಆರೂವರೆಗೇ ಬಂದಳು. ಅವಳ ಮನೆಯ ಹಳೇ ಶೀಟು ಇಳಿಸಿ, ಕಂಬಿ ಕಟ್ಟಿ ಆಗಿತ್ತು. ಇವತ್ತು ಕಾಂಕ್ರೀಟು ಹಾಕಿ ಮೋಲ್ಡ್ ಮುಗಿಸಿದರೆ, ಬರುವ ತಿಂಗಳು ಮಗಳು ಬಾಣಂತನಕ್ಕೆ ಬರುವಷ್ಟರಲ್ಲಿ ತಲೆಯ ಮೇಲೊಂದು ಸೂರಿರುತ್ತದೆ. ಬೋರ್ಡು ನೋಡಿ ಅವಳ ಮುಖ ಬಾಡಿತು.

“ಏನಣ್ಣ, ಮಳೆ ಅಂತ ಬರ್ದಿದೀರಾ?”

“ಕತ್ಲಲ್ಲೇ ಒಂದ್ ಲಾರಿ ನಿಂತಿತ್ತು ಕಣಮ್ಮ. ದಳದಳ ನೀರು ಸುರೀತಿತ್ತು. ಘಾಟೀಲಿ ಜಡೀತಾ ಐತೆ.”

ಅವಳು ಮೇಸ್ತ್ರಿ ನಾಗಭೂಷಣನಿಗೆ ಫೋನು ಮಾಡಿದಳು. “ಇವತ್ತು ಬ್ಯಾಡ ಬುಡಣ್ಣ, ಮಳೆಯಂತೆ.”

“ಬುಟ್ರೆ ಇನ್ನೊಂದ್ ತಿಂಗ್ಳು ಕಣಕ್ಕ. ನಾಳೆಯಿಂದ ನಮ್ಮೋರೆಲ್ಲ ಸಿ.ಎಸ್. ಪುರದ ಕೆಲ್ಸಕ್ಕೆ ಹೊರಟವ್ರೆ.”

“ಏನ್ಮಾಡಾಕಾಯ್ತದೆ,” ಎಂದು ಫೋನಿಟ್ಟು ರಸ್ತೆಗಿಳಿದಳು. ಲಾರಿ ನಿಂತಿದ್ದಲ್ಲಿ ನೀರಿನ್ನೂ ಮಡುಗಟ್ಟಿತ್ತು. ಅವಳು ನಿಂತಳು. ಬಗ್ಗಿದಳು.

“ಅಣ್ಣೋ, ಆ ಡ್ರೈವರ್‌ನ ಕೇಳಿದ್ರಾ?”

“ಇಲ್ಲ. ಏನೋ ವಾಸ್ನೆ ಬರ್ತಿತ್ತು, ಸೋಮ್ವಾರ ಬೇರೆ. ಮೂಗಿಗೆ ಟವಲ್ ಇಟ್ಕೊಂಡ್ ದೂರದಿಂದ್ಲೇ ನೋಡ್ದೆ.”

“ಅಯ್ಯೋ ನನ್ನಪ್ಪ! ಇದು ಮಳೆಯಲ್ಲ, ಮೀನಿನ ಐಸ್ ಕರಗಿರೋ ನೀರು!”

“ನೀನೂ ಶ್ರಾವಣ ಮಾಡ್ತಿದೀಯಲ್ಲಮ್ಮ, ನಿಂಗೆಂಗೆ ಗೊತ್ತಾಯ್ತು?”

“ಬಾಯ್ ಕಟ್ಟಿದೀನಿ ಕಣಣ್ಣ, ಮೂಗ್ ಕಟ್ಟಿಲ್ಲ.”

ಟೀ ಕುಡಿಯುತ್ತಿದ್ದವರು ನಕ್ಕರು. ಗಂಗಣ್ಣನವರು ನಗಲಿಲ್ಲ. ಬೋರ್ಡಿನ ಹತ್ತಿರ ಹೋಗಿ, ಹೆಗಲ ಟವಲಿನಿಂದ ‘ಮಳೆ’ಯನ್ನು ಒರೆಸಿದರು.

“ಹಂಗಾರೆ ಇವತ್ತು ಬಿಸ್ಲಾ?” ಅವಳು ಕೇಳಿದಳು.

“ಗೊತ್ತಿಲ್ಲ ಕಣಮ್ಮ. ಗೊತ್ತಿಲ್ದೇ ಬರ್ದಿದ್ದೇ ಸಾಕು.”

ಪಡುವಣದಿಂದ ಇನ್ನೊಂದು ಮೀನಿನ ಲಾರಿ ಬರುತ್ತಿತ್ತು. ಅವರು ರಸ್ತೆಯಂಚಿಗೆ ಹೋಗಿ ಕೈಯೆತ್ತಿದರು. ಲಾರಿ ನಿಂತಿತು. ಅವರು ಬಾಗಿಲ ಹತ್ತಿರವೇ ಹೋದರು. ಹಿಂದಿನಿಂದ ಹರಿದು ಬಂದ ನೀರು ಪಾದಕ್ಕೆ ತಾಗಿತು. ಪಾದ ಎಳೆದುಕೊಳ್ಳಲಿಲ್ಲ.

“ಘಾಟೀಲಿ ಮಳೆ ಐತೇನಪ್ಪ?”

“ಒಂದು ಹನಿ ಇಲ್ಲ ಮಾರಾಯ್ರೆ. ರಾತ್ರಿ ಬಂದರಿನಿಂದ ಹೊರಡುವಾಗ ಆಕಾಶ ತುಂಬಾ ನಕ್ಷತ್ರ ಇತ್ತು. ಯಾಕೆ, ನಿಮಗೆ ಮಳೆ ಬೇಕಿತ್ತಾ?”

“ಬ್ಯಾಡಪ್ಪ, ಇವತ್ತೊಂದಿನ ಬ್ಯಾಡ.”

ಗಂಗಣ್ಣನವರು ಮಹಾಲಕ್ಷ್ಮಮ್ಮನ ಫೋನಿನಲ್ಲಿ ತಾವೇ ಮೇಸ್ತ್ರಿಯೊಂದಿಗೆ ಮಾತಾಡಿದರು. “ಭೂಷಣ, ಟೀ ಅಂಗ್ಡಿ ಗಂಗಣ್ಣ. ತಪ್ಪು ನಂದು. ಬೇಗ ಬಾ, ನಿಮ್ಮೋರ್ಗೆಲ್ಲ ಟೀ ನನ್ನದೇ.” ಆಮೇಲೆ ಬೋರ್ಡಿನ ಮೇಲೆ ‘ಬಿಸಿಲು’ ಎಂದು ಬರೆದರು.

ಕಾಂಕ್ರೀಟು ಕಲಸುವ ಮಷೀನು ಒಂಬತ್ತಕ್ಕೆ ಗುಡುಗಲು ಶುರುವಾಯಿತು. ನಾಲ್ಕಕ್ಕೆಲ್ಲ ಮೋಲ್ಡ್ ಮುಗಿಯಿತು. ಆಕಾಶ ಸಂಜೆಯವರೆಗೂ ಕೊಟ್ಟ ಮಾತಿಗೆ ನಿಂತಿತ್ತು.

ಮಾರನೆಯ ಬೆಳಿಗ್ಗೆ ಮಹಾಲಕ್ಷ್ಮಮ್ಮ ಗಂಗಣ್ಣನವರನ್ನು ಏಣಿ ಹತ್ತಿಸಿದಳು. ಕಾಂಕ್ರೀಟು ಬಿರುಕು ಬಿಡದಂತೆ ಹೊಸ ಸೂರಿಗೆ ಮೊದಲ ನೀರು ಬೀಳಬೇಕಿತ್ತು. ತುಂಬಿದ ಬಕೆಟ್ಟನ್ನು ಅವರ ಕೈಗಿತ್ತು ಹೇಳಿದಳು:

“ತಗಳಿ ಅಣ್ಣ, ನಿನ್ನೆ ಬರ್ದಿದ್ ಮಳೆ ಇವತ್ ಸುರಿಸ್ಬುಡಿ.”

“ಶಿವ ಶಿವಾ” ಎನ್ನುತ್ತ ಅವರು ಬಕೆಟ್ ಬಗ್ಗಿಸಿದರು.