ಬೆನ್ನ ಮೇಲಿನ ಹೆಸರು

"ಅಣ್ಣಾರ, ಒಂಚೂರು ಈ ಫೋನ್ ಹಿಡ್ದು ಫೋಟೋ ತೆಗೀರಿ. ಹಂಪೇಶಣ್ಣನ ಮುಖ ಚಂದ ಬರ್ಬೇಕು ನೋಡ್ರಿ!"

ಹೊನ್ನೂರುಸ್ವಾಮಿ ನಗುತ್ತಲೇ ಸಾಲಿನಲ್ಲಿದ್ದ ಹುಡುಗನ ಫೋನ್ ಇಸಿದುಕೊಂಡ. ಹೊಸಪೇಟೆಯ ಆ ಆಟದ ಸಾಮಾನಿನ ಅಂಗಡಿಯಲ್ಲಿ ಜರ್ಸಿಗಳ ಮೇಲೆ ಬಿಸಿ ಯಂತ್ರದಿಂದ ಹೆಸರು ಒತ್ತುವ ಕೆಲಸ ಅವನ ಅಕ್ಕ ತುಳಸಿಯದು. ಯಂತ್ರದ ಹಿಂದೆ ನಿಂತು ಅವಳು ಎಣಿಸುತ್ತಿದ್ದಳು. ತಮ್ಮ ತೆಗೆಯುತ್ತಿದ್ದುದು ಹದಿನೇಳನೆಯ ಫೋಟೋ.

ದೊಡ್ಡ ಲೀಗಿನ ಫುಟ್‌ಬಾಲ್ ತಂಡವೊಂದರಲ್ಲಿ ಆಡುವ ಈ ಕಡೆಯ ಮೂವರು ಆಟಗಾರರು ಅಭಿಮಾನಿಗಳಿಗೆ ಸಹಿ ಹಾಕಿಕೊಡಲು ಬಂದಿದ್ದರು. ಗೋಲು ಹೊಡೆಯುವ ಹಂಪೇಶನ ಮುಂದಿನ ಸಾಲು ರಸ್ತೆಗೆ ಇಳಿದಿತ್ತು. ಗೋಲ್‌ಕೀಪರ್ ಗವಿಸಿದ್ದಪ್ಪನ ಮುಂದೆ ಏಳೆಂಟು ಮಂದಿ. ಡಿಫೆಂಡರ್ ಹೊನ್ನೂರುಸ್ವಾಮಿಯ ಮೇಜಿನ ಹತ್ತಿರ ಒಂದು ನೊಣವೂ ಸುಳಿದಿರಲಿಲ್ಲ. ಗೋಲಿನತ್ತ ನುಗ್ಗುವವರನ್ನು ತಡೆಯುವವನ ಹಣೆಬರಹವೇ ಅಷ್ಟು, ಟಿ.ವಿ.ಯಲ್ಲಿ ಹೆತ್ತವ್ವನೂ ಅವನನ್ನು ಹುಡುಕಬೇಕು.

ತುಳಸಿಯೂ ಒಂದು ಎಡವಟ್ಟು ಮಾಡಿಕೊಂಡಿದ್ದಳು. ಯಾರೂ ಕೇಳುವ ಮೊದಲೇ ತಮ್ಮನ ಹೆಸರನ್ನು ಇಪ್ಪತ್ತು ಜರ್ಸಿಗಾಗುವಷ್ಟು, ಒತ್ತುವ ಹಾಳೆಯಲ್ಲಿ ಅಕ್ಷರ ಅಕ್ಷರವಾಗಿ ಕತ್ತರಿಸಿಟ್ಟಿದ್ದಳು. ಅದೇನು ಸಣ್ಣ ಹೆಸರೇ? ಕೊಂಬು, ಒತ್ತು ಎಲ್ಲ ಸೇರಿ ಎರಡು ದಿನ ಹಿಡಿದಿತ್ತು. ಒಂದೂ ಖರ್ಚಾಗಿರಲಿಲ್ಲ. ತಮ್ಮನ ಕಣ್ಣಿಗೆ ಬಿದ್ದೀತೆಂದು ಎಲ್ಲವನ್ನೂ ಡ್ರಾಯರಿಗೆ ತುರುಕಿದಳು.

ಅಂಗಡಿಯ ಮಾಲೀಕ ತೋಟಪ್ಪ ನೋಡಿಯೇ ಬಿಟ್ಟ. "ಹೆತ್ತೋರಿಗೆ ಹೆಗ್ಗಣ ಮುದ್ದು ಅಂತಾರ. ನಿಂದು ಅದ್ಕಿಂತ ಜಾಸ್ತಿ ಆತವ್ವ!"

"ಅವ್ನ ಆಟ ಒಂದ್ಸಲ ಆದ್ರೂ ನೋಡೀರೇನ್ರಿ?"

"ನಾ ಗೋಲ್ ನೋಡಾಂವ. ನಿನ್ ತಮ್ಮ ಹೊಡೀಬೇಕಲ್ಲ!"

ಅಷ್ಟರಲ್ಲಿ ಗವಿಸಿದ್ದಪ್ಪ ತನ್ನ ಮೇಜು ಬಿಟ್ಟು ಎದ್ದ. ಸಂಡೂರಿನ ಆ ಎತ್ತರದ ಆಳು ಹೊನ್ನೂರುಸ್ವಾಮಿಯ ಖಾಲಿ ಮೇಜಿನ ಮುಂದೆ ಬಂದು ಕೈಕಟ್ಟಿ ನಿಂತ.

"ತುಳಸಕ್ಕಾ, ನನ್ನ ಅಳತೀದೊಂದು ಜರ್ಸಿ ಕೊಡ್ರಿ. ಇವನ ಹೆಸ್ರು ಹಾಕಿ."

"ಚಾಷ್ಟಿ ಬ್ಯಾಡಲೇ," ಎಂದ ಹೊನ್ನೂರುಸ್ವಾಮಿ. ಅವನ ಕೈಗೆ ಆಗಲೇ ಮತ್ತೊಬ್ಬರ ಫೋನ್ ಬಂದಿತ್ತು.

"ಚಾಷ್ಟಿ ಅಲ್ಲಪಾ. ಎರಡು ವರ್ಷ ಗೋಲಿನಾಗ ನಿಂತು ನಿನ್ನ ಬೆನ್ನ ನೋಡೀನಿ. ಆ ಹೆಸ್ರು ಮುಂದ ಕಂಡ್ರ ನನಗ ಧೈರ್ಯ. ನೀ ಆಡದಿದ್ದ ದಿನ ಗೋಲು ಎರಡು ಪಟ್ಟು ದೊಡ್ಡದು ಕಾಣ್ತೈತಿ. ಬೇಕಾದ್ರ ಹಂಪೇಶನ್ನ ಕೇಳು."

ಹಂಪೇಶ್ ಸಹಿ ನಿಲ್ಲಿಸಿ ತಲೆಯೆತ್ತಿದ. "ಖರೇ ಐತಿ. ಪ್ರಾಕ್ಟೀಸಿನಾಗ ಇವ್ನ ದಾಟಿ ಒಂದು ಗೋಲ್ ಹೊಡದ್ರ ನನಗ ಅವತ್ತು ಹಬ್ಬ."

ಸಾಲಿನಲ್ಲಿದ್ದವರೆಲ್ಲ ಹೊನ್ನೂರುಸ್ವಾಮಿಯ ಕಡೆ ತಿರುಗಿದರು. ತುಳಸಿ ಡ್ರಾಯರ್ ಎಳೆದಳು. ಕಣ್ಣು ತುಂಬಿ ಅಕ್ಷರಗಳು ಕಾಣಿಸಲಿಲ್ಲ. ಬೆರಳಲ್ಲೇ ಸವರಿ ಹುಡುಕಿ ಜೋಡಿಸಿದಳು. ಒತ್ತಿ ತೆಗೆದ ಜರ್ಸಿಯನ್ನು ತೋಟಪ್ಪ ತಾನೇ ಒಯ್ದು ಮೇಜಿನ ಮೇಲೆ ಹಾಸಿದ.

ಹೊನ್ನೂರುಸ್ವಾಮಿ ಪೆನ್ನಿಗೆ ತಡಕಾಡಿದ. ಅವನ ಮೇಜಿನ ಮೇಲೆ ಯಾರೂ ಪೆನ್ನು ಇಟ್ಟಿರಲಿಲ್ಲ. ತುಳಸಿ ತನ್ನದನ್ನು ಚಾಚಿದಳು. ಎಡಗೈಯಲ್ಲಿದ್ದ ಯಾರದೋ ಫೋನ್ ರಿಂಗಾಗುತ್ತಲೇ ಇತ್ತು. ಅವನು ಇನ್ನೂ ಬಿಸಿಯಾರದ ಬಟ್ಟೆಯ ಮೇಲೆ ಬಾಗಿ, ಶಾಲೆಯಲ್ಲಿ ಬರೆಯುತ್ತಿದ್ದಂತೆ, ಪೂರ್ತಿ ಹೆಸರು ಬರೆಯತೊಡಗಿದ.